ಪಾದ್ರಿ ಬಂಗ್ಲಿಯ ಮಣ್ಣು

ಸ್ವಲ್ಪ ತಡೀರಿ, ಪುಟ ತಿರುವಬೇಡಿ. ಈ ಬೇಸಿಗೆಯಲ್ಲಿ ನಮ್ಮ ಮನೆಯ ಅಂಗಳಕ್ಕೆ ಒಂದು ಬಂಡಿ ಮಣ್ಣು ಬಂದು ಬಿತ್ತು. ಆ ಮಣ್ಣನ್ನು ನಮ್ಮಪ್ಪ ಏನು ಮಾಡಿದ ಅಂತ ನಿಮಗೆ ಹೇಳಬೇಕು. ಆದರೆ ಈಗಲೇ ಹೇಳಿಬಿಟ್ಟರೆ, ಯಾರೋ ಮುದುಕನ ಹಟ ಅಂದುಕೊಂಡು ಸುಮ್ಮನಾಗುತ್ತೀರಿ. ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷದ ಸಂಗತಿ ಮೊದಲು ಕೇಳಬೇಕು. ಅದಕ್ಕೇ ತಡೀರಿ ಅಂದೆ.

ನಾನೀಗ ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಮಧ್ಯಾಹ್ನ ಮಾಲಕರು ಊಟಕ್ಕೆ ಹೋದಾಗ, ಮೂಲೆಯಲ್ಲಿದ್ದ ಕನ್ನಡ ಟೈಪ್‌ರೈಟರಿನ ಮೇಲಿನ ಬಟ್ಟೆ ತೆಗೆದು, ಯಾರೂ ಹೇಳಿಕೊಡದೆ ನಾನೇ ಕುಟ್ಟಿ ಕುಟ್ಟಿ ಕಲಿತೆ. ಇದನ್ನೂ ಅದರ ಮೇಲೆಯೇ ಮಾತಾಡಿದ ಹಾಗೆ ಬಡಿಯುತ್ತಾ ಹೋಗುತ್ತಿದ್ದೇನೆ. ಇಲ್ಲೆಲ್ಲ ಕಾಲುವೆ ನೀರು, ಬತ್ತದ ಗದ್ದೆ, ತಗಡು ಇಲ್ಲವೇ ಸಿಮೆಂಟಿನ ಮನೆಗಳು. ಇಲ್ಲಿಯವರಿಗೆ ಮಣ್ಣು ಅಂದರೆ ಕಾಲ ಕೆಳಗಿನದು. ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ದಾರಿಯಲ್ಲಿರುವ ನಮ್ಮೂರಿನಲ್ಲಿ ಮಣ್ಣು ಇರುವುದು ತಲೆಯ ಮೇಲೆ.

ನಮ್ಮದೆಲ್ಲ ಮಾಳಿಗೆ ಮನೆಗಳು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ತೊಗರಿ ಕಟ್ಟಿಗೆ ಒತ್ತೊತ್ತಾಗಿ ಹಾಸಿ, ಎಲ್ಲಕ್ಕಿಂತ ಮೇಲೆ ಒಂದು ಮೊಳ ದಪ್ಪ ಮಣ್ಣು. ಅದಕ್ಕೆ ಹೊಲದ ಮಣ್ಣು ಆಗುವುದಿಲ್ಲ. ಜನ ಬಿಟ್ಟುಹೋದ ಹಳೇ ಊರಿನ ದಿಬ್ಬದ ಬಿಳಿ ಮಣ್ಣೇ ಬೇಕು, ಅದರೊಳಗೆ ನೀರು ಇಳಿಯುವುದಿಲ್ಲ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹೊಸದಾಗಿ ಒಂದು ಪದರು ಹಾಕಿ ತುಳಿಯಬೇಕು. ಬಿಸಿಲಿಗೆ ಬಿಟ್ಟ ಬಿರುಕು ಮುಚ್ಚದೆ ಹೋದರೆ ಮಳೆ ನೇರ ಒಲೆಗೇ ಬರುತ್ತದೆ.

ಈ ಬೇಸಿಗೆ ನಾನು ಊರಿಗೆ ಹೋದಾಗ ನಮ್ಮ ಮಾಳಿಗೆಗೂ ಮಣ್ಣು ಹಾಕಬೇಕಿತ್ತು. ಅಪ್ಪನ ಮೊಣಕಾಲು ಬಾತಿದೆ, ಎತ್ತುಗಳನ್ನು ಮಾರಿ ಆಯಿತು, ಹಾಗಾಗಿ ಅವ್ವ ಬಾಡಿಗೆ ಬಂಡಿಗೆ ಹೇಳಿದ್ದಳು. ಬೆಳಿಗ್ಗೆ ಬಂಡಿಯವನು ಅಂಗಳದಲ್ಲಿ ಮಣ್ಣು ಸುರಿದು, ಧೂಳು ಏಳದಿರಲಿ ಅಂತ ಮೇಲೊಂದು ಕೊಡ ನೀರು ಚಿಮುಕಿಸಿದ. ನಾನು ಒಳಗೆ ತಲೆ ಬಾಚಿಕೊಳ್ಳುತ್ತಿದ್ದವಳು ಆ ವಾಸನೆಗೆ ಹಣಿಗೆ ಹಿಡಿದುಕೊಂಡೇ ಹೊರಗೆ ಬಂದೆ. ಅದು ದಿಬ್ಬದ ಮಣ್ಣಿನ ವಾಸನೆಯಾಗಿರಲಿಲ್ಲ. ಸುಣ್ಣ, ಹೊಗೆ, ಹಳೇ ಗೋಡೆ, ಎಲ್ಲ ಕೂಡಿದ್ದ ವಾಸನೆ.

"ಎಲ್ಲೀದಣ್ಣ ಇದು?" ಅಂದೆ.

"ಪಾದ್ರಿ ಬಂಗ್ಲಿ ಮಣ್ಣು ತಂಗೆವ್ವಾ," ಅಂದ ಬಂಡಿಯವನು. "ದಿಬ್ಬದ ತನಕ ಯಾರು ಹೋಗ್ತಾರ? ಊರೆಲ್ಲಾ ಈಗ ಇದನ್ನ ಹಾಕ್ಸಾಕತ್ತೈತಿ. ಒಂದು ಹನಿ ಸೋರಂಗಿಲ್ಲ ನೋಡ ಬೇಕಾದ್ರ."

ಮಣ್ಣು ನೋಡಲು ಎದ್ದು ನಿಂತಿದ್ದ ಅಪ್ಪ ಆ ಮಾತು ಕೇಳಿ ಮತ್ತೆ ಕಟ್ಟೆಯ ಮೇಲೆ ಕೂತುಬಿಟ್ಟ.

ಪಾದ್ರಿ ಬಂಗ್ಲಿ ಅಂದರೆ ನಮ್ಮ ಓಣಿಯ ಕೊನೆಗೆ, ಸಣ್ಣ ಕಲ್ಲಿನ ಚರ್ಚಿನ ಹಿಂದೆ, ಬೇವಿನ ಗಿಡದ ಕೆಳಗೆ ಇದ್ದ ಮನೆ. ಬಂಗ್ಲಿ ಅಂತ ಯಾರು ಹೆಸರಿಟ್ಟರೋ ಗೊತ್ತಿಲ್ಲ. ಎರಡು ಖೋಲಿ, ಒಂದು ಅಡುಗೆ ಮನೆ, ಮುಂದೆ ಪಡಸಾಲೆ, ಅಷ್ಟೇ. ನಮ್ಮಂಥ ಹಿಂದೂ ಮನೆಯವರೆಲ್ಲ ಪಾದ್ರಿ ಬಂಗ್ಲಿ ಅನ್ನುತ್ತಿದ್ದೆವು. ಊರಲ್ಲಿ ಬೆರಳೆಣಿಕೆಯಷ್ಟಿದ್ದ ಕ್ರೈಸ್ತರ ಮನೆಯವರು ಸಭಾ ಮನಿ ಅನ್ನುತ್ತಿದ್ದರು. ಬಾಗಿಲ ಮೇಲಿನ ಹಲಗೆಯಲ್ಲಿ ಸಭಾಪಾಲಕರ ನಿವಾಸ ಅಂತ ಬರೆದಿತ್ತು. ಕೆಲಸಕ್ಕೆ ಅಂಟಿಕೊಂಡ ಮನೆ ಅದು. ಸಭೆಗೆ ಯಾರು ಅಯ್ಯನವರಾಗಿ ಬರುತ್ತಾರೋ ಅವರಿಗೆ ಅದು, ವರ್ಗವಾದರೆ ಮುಂದಿನವರಿಗೆ.

ಅಲ್ಲಿದ್ದ ಅಯ್ಯನವರ ಹೆಂಡತಿ ರೂತಮ್ಮ. ಜಾತಿ ಯಾವುದೇ ಇರಲಿ, ಊರಿನ ಎಲ್ಲರೂ ಅವರನ್ನು ಅಮ್ಮಾರು ಅಂತಲೇ ಕರೆಯುತ್ತಿದ್ದರು. ಅವರ ಒಬ್ಬಳೇ ಮಗಳು ಸುಗುಣಾ ನನ್ನ ಕ್ಲಾಸು, ನನ್ನ ಬೆಂಚು. ಅವಳು ಮಾತಿನ ನಡುವೆ "ನಮ್ಮ ಮನ್ಯಾಗ" ಅಂದಾಗಲೆಲ್ಲ ಅಮ್ಮಾರು ಎಲ್ಲಿದ್ದರೂ ತಿದ್ದುತ್ತಿದ್ದರು: "ನಮ್ಮ ಮನಿ ಅನಬ್ಯಾಡವಾ. ಸಭಾ ಮನಿ ಅನ್ನು."

ಮದುವೆಯಾದಾಗಿನಿಂದ ಅಮ್ಮಾರು ಇಂಥ ಮನೆಗಳಲ್ಲೇ ಇದ್ದವರು. ಒಂದು ಮೊಳೆಯನ್ನೂ ಗೋಡೆಗೆ ಹೊಡೆಯುತ್ತಿರಲಿಲ್ಲ. ಕ್ಯಾಲೆಂಡರು ಗೂಡಿನಲ್ಲಿ ಒರಗಿಸಿಟ್ಟಿರುತ್ತಿತ್ತು, ಕಂದೀಲು ನೆಲದ ಮೇಲೆ. ಯಾಕ್ರೀ ಅಂದರೆ, "ಮುಂದ ಬರೋರ ಗ್ವಾಡಿ ಅದು, ತೂತು ಮಾಡಿ ಕೊಟ್ರ ಛಂದೇನು?" ಅನ್ನುತ್ತಿದ್ದರು. ಆದರೆ ಸುಣ್ಣ ಬಳಿಯುವಾಗ ಮಾತ್ರ ಅದಕ್ಕೆ ಬಟ್ಟೆಯ ನೀಲಿ ಚೂರು ಜಾಸ್ತಿಯೇ ಹಾಕುತ್ತಿದ್ದರು. ಒಳಖೋಲಿ ಆಕಾಶದ ಹಾಗೆ ಇತ್ತು. ಅದೊಂದೇ ಅವರ ಸ್ವಂತದ್ದು.

ಪ್ರತಿ ವರ್ಷ ಸಭಾ ಮನೆಯ ಮಾಳಿಗೆಗೆ ಮಣ್ಣು ಹಾಕುವುದು ಸಭೆಯವರ ಕೆಲಸ, ಬಂಡಿ ಮಾತ್ರ ನಮ್ಮಪ್ಪನದು. ಯಾವ ಕಾಲದಿಂದಲೋ ಹಾಗೇ ನಡೆದುಬಂದಿತ್ತು. ಸಭೆಯ ಹಿರಿಯ ಯೋಹಾನಪ್ಪ ಕೆಳಗಿನಿಂದ ಬುಟ್ಟಿ ಎತ್ತಿ ಕೊಡುತ್ತಿದ್ದ, ಅಯ್ಯನವರು ಧೋತರ ಎತ್ತಿ ಕಟ್ಟಿಕೊಂಡು ಮೇಲೆ ತುಳಿಯುತ್ತಿದ್ದರು. "ಅಯ್ನೋರ ತೂಕಕ್ಕ ಮಣ್ಣು ಗಟ್ಟಿ ಆಗ್ತೈತಿ, ನಮ್ಮಂಥಾ ಕಡ್ಡಿ ಪೈಲ್ವಾನರು ಯಾತಕ್ಕೂ ಬ್ಯಾಡ," ಅಂತ ಯೋಹಾನಪ್ಪ ನಗಿಸುತ್ತಿದ್ದ. ಮುಗಿದ ಮೇಲೆ ಎಲ್ಲರಿಗೂ ಬೇವಿನ ಕೆಳಗೆ ಮಾದಲಿ, ಬಿಸಿ ಹಾಲು. ನಾವು ಹುಡುಗಿಯರಿಗೆ ಅದೊಂದು ಹಬ್ಬ.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದ ಚಳಿಗಾಲದಲ್ಲಿ ಅಯ್ಯನವರು ತೀರಿಕೊಂಡರು. ಹಳ್ಳಿಗಳ ಕಡೆ ಸೈಕಲ್ ಮೇಲೆ ಹೋಗಿ ಬಂದು, ಎದೆ ಹಿಡಿದಿದೆ ಅಂತ ಮಲಗಿದವರು ಏಳಲಿಲ್ಲ.

ಅವರ ಹಿಂದೆಯೇ ಮನೆಯ ಪ್ರಶ್ನೆ ಬಂತು. ಅಯ್ಯನವರೇ ಇಲ್ಲದ ಮೇಲೆ ಅಯ್ಯನವರ ಮನೆಯಲ್ಲಿ ಇರುವುದು ಹೇಗೆ? ಅಮ್ಮಾರ ಅಣ್ಣ ಸಿರುಗುಪ್ಪದ ಕಡೆ ಒಂದು ಹಳ್ಳಿಯಲ್ಲಿದ್ದ. ಅಯ್ಯನವರನ್ನು ಹೂಳುವ ದಿನ ಮಣ್ಣಿಗೆ ಬಂದವನು ಅಲ್ಲೇ ಹೇಳಿ ಹೋಗಿದ್ದ: "ಬರ್ರಿ, ಇರ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮೂರಾಗ ಹೈಸ್ಕೂಲ್ ಇಲ್ಲ. ಹುಡುಗಿಗೆ ಓದಿಗೀದಿ ಸಾಕು, ಒಂದು ಗಂಡು ನೋಡಿ ಕೈ ತೊಳಕೊಳ್ಳೂಣು."

ಸುಗುಣಾಗೆ ನರ್ಸ್ ಆಗುವ ಆಸೆ. ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಲೇಬೇಕಿತ್ತು. ಅಂದರೆ ಹತ್ತನೇ ಕ್ಲಾಸು ಮುಗಿಯುವ ಮಾರ್ಚ್ ತನಕ ನಮ್ಮೂರಲ್ಲಿ ತಲೆಯ ಮೇಲೆ ಒಂದು ಮಾಳಿಗೆ ಬೇಕಿತ್ತು. ಊರಲ್ಲಿ ಬಾಡಿಗೆಗೆ ಯಾರೂ ಮನೆ ಕೊಡುತ್ತಿರಲಿಲ್ಲ ಅಂತಲ್ಲ. ಆದರೆ ನಮ್ಮ ಓಣಿಗಳು ಆಗ ಹೇಗಿದ್ದವು, ಯಾರ ಮನೆಯ ಪಕ್ಕ ಯಾರಿಗೆ ಜಾಗ ಕೊಡುತ್ತಿದ್ದರು ಅನ್ನುವುದು ನಿಮಗೂ ಗೊತ್ತಿರುವುದೇ. ಯೋಹಾನಪ್ಪನಂಥವರ ಗುಡಿಸಲುಗಳಲ್ಲಿ ಅವರವರಿಗೇ ಕಾಲು ಚಾಚಲು ಜಾಗ ಇರಲಿಲ್ಲ.

ಬೇಸಿಗೆಯಲ್ಲಿ ರಾಯಚೂರಿನ ಕಡೆಯಿಂದ ದೊಡ್ಡಯ್ಯನವರು ಬಂದರು. ಈ ಭಾಗದ ಸಭೆಗಳ ವರ್ಗಾವಣೆ ನೋಡುವವರು ಅವರೇ. ಕೆಟ್ಟ ಮನುಷ್ಯರಲ್ಲ. ಅಮ್ಮಾರ ಕೈಯಿಂದ ನೀರು ಇಸಿದುಕೊಂಡು ಕುಡಿದು, ತಲೆ ಬಗ್ಗಿಸಿ ಪ್ರಾರ್ಥನೆ ಮಾಡಿದರು. ಆಮೇಲೆ ಕೋಲಿನಿಂದ ಮಾಳಿಗೆಯನ್ನು ಕೆಳಗಿನಿಂದ ತಿವಿದು ನೋಡಿದರು. ಒಂದು ಹಿಡಿ ಮಣ್ಣು ಅವರ ಹೆಗಲ ಮೇಲೆ ಉದುರಿತು.

"ಮೊದಲು ಇದಕ್ಕ ಮಣ್ಣು ಹಾಕ್ಸಿ, ಆಗೈತಿ ಅಂತ ಹೇಳಿ ಕಳಸ್ರಿ," ಅಂದರು ಯೋಹಾನಪ್ಪನಿಗೆ. "ಹೊಸಬರು ಸಣ್ಣ ಸಣ್ಣ ಮಕ್ಕಳ ಕಟ್ಕೊಂಡು ಬರೋರದಾರ. ಸೋರೋ ಮನಿಗೆ ಹೆಂಗ ಕಳಸ್ಲಿ? ಅಲ್ಲಿತನಕ ಅಮ್ಮಾರು ಇರ್ಲಿ, ಯಾರೂ ಏನೂ ಅನ್ನಂಗಿಲ್ಲ."

ಅವರು ಬಸ್ಸು ಹತ್ತಿದ ಮೇಲೆ ಯೋಹಾನಪ್ಪ, ಅಪ್ಪ ಇಬ್ಬರೂ ಬೇವಿನ ಕೆಳಗೆ ಕೂತರು. ನಾನು, ಸುಗುಣಾ ಪಡಸಾಲೆಯಲ್ಲೇ ಇದ್ದೆವು.

"ಕೇಳಿದೇನು ಹನುಮಣ್ಣ? ಮಾಳಿಗಿ ಆದ್ರ ಹೊಸಬರು ಬರ್ತಾರಂತ," ಅಂದ ಯೋಹಾನಪ್ಪ.

"ಕೇಳಿದೆ."

"ಆಗಲಿಲ್ಲಂದ್ರ?"

ಅಪ್ಪ ಬೀಡಿ ಹೊತ್ತಿಸಿ ಹೊಗೆ ಬಿಟ್ಟ. "ಆಗಲಿಲ್ಲಂದ್ರ ಬರಂಗಿಲ್ಲ."

"ಬಂಡಿ ನಿಂದು."

"ಎತ್ತೂ ನನ್ನವ."

ಇಬ್ಬರೂ ನಕ್ಕರು. ಯೋಹಾನಪ್ಪ ಎದ್ದು ರುಮಾಲು ಕೊಡವಿಕೊಂಡ. "ಪರೀಕ್ಷಾ ಒಂದು ಮುಗೀಲಿ. ಮರುದಿನ ನಾನ ಹತ್ತಿ ತುಳೀತೀನಿ, ಅಯ್ನೋರ ತೂಕ ಇಲ್ಲಂದ್ರೂ ಅಡ್ಡಿಯಿಲ್ಲ."

ಸುಗುಣಾ ನನ್ನ ಕೈ ಹಿಡಿದು ಎಷ್ಟು ಜೋರಾಗಿ ಒತ್ತಿದಳೆಂದರೆ ನನ್ನ ಬಳೆ ಒಡೆಯಿತು. ಆ ಬೇಸಿಗೆಯಲ್ಲಿ ನಮಗೆ ಅದಕ್ಕಿಂತ ಸಂತೋಷದ ದಿನ ಇನ್ನೊಂದಿರಲಿಲ್ಲ.

ಮನೆಗೆ ಬಂದು ಅಪ್ಪ ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಭಾರಿ ಮಸಲತ್ತು ಮಾಡೀರಿ ಇಬ್ಬರೂ ಗಂಡಸರು! ನಿಮ್ಮ ಮಸಲತ್ತು ಮಾಳಿಗಿಗೆ ಗೊತ್ತೇನು? ಮಳಿಗೆ ಯಾರು ಹೇಳಿ ಕಳಿಸ್ತೀರಿ?"

"ನಮ್ಮ ಕಡಿ ಎಲ್ಲಿ ಮಳಿ ಬರ್ತೈತಿ ತಗೀ," ಅಂದ ಅಪ್ಪ. "ಬಂದ್ರ ಮೊದಲ ಬಿತ್ತಾಕ ಬರ್ಲಿ."

ಅಮ್ಮಾರಿಗೆ ಇದು ಗೊತ್ತಿರಲಿಲ್ಲ. ರೋಹಿಣಿ ಮಳೆ ಹತ್ತಿರ ಬಂದ ಹಾಗೆ ಅವರು ದಿನಾ ಕೇಳತೊಡಗಿದರು.

"ಹನುಮಣ್ಣ, ಬಂಡಿ ಯಾವಾಗ ಕಟ್ತಿ?"

"ಎತ್ತಿನ ಕಾಲು ನೋಯಾಕತ್ತಾವ್ರಿ ಅಮ್ಮಾರ."

"ಎರಡೂ ಎತ್ತಿಂದೇನು?"

"ಹೂಂನ್ರಿ. ಒಂದು ಕುಂಟಿದ್ರ ಇನ್ನೊಂದೂ ಕುಂಟ್ತೈತ್ರಿ. ಜೋಡಿ ನೋಡ್ರಿ."

ಅಮ್ಮಾರು ನಕ್ಕು ಹೋಗಿ ಯೋಹಾನಪ್ಪನನ್ನು ಕೇಳಿದರೆ, ಅವನು ದಿಬ್ಬದಲ್ಲಿ ಹಾವು ಇದ್ದಾವೆ ಅನ್ನುವನು, ಬುಟ್ಟಿ ಹರಿದಿದೆ ಅನ್ನುವನು. ಕಡೆಗೆ ಅಮ್ಮಾರೇ ಒಂದು ಬುಟ್ಟಿ, ಸಲಿಕೆ ತೆಗೆದುಕೊಂಡು ದಿಬ್ಬದ ದಾರಿ ಹಿಡಿದುಬಿಟ್ಟರು. ಬಿಸಿಲಲ್ಲಿ ಒಂದು ಬುಟ್ಟಿ ಹೊತ್ತು ತಂದು ನಮ್ಮ ಮನೆಯ ಮುಂದೆ ಇಳಿಸಿದಾಗ ಅವರ ಸೀರೆಯೆಲ್ಲ ಬೆಳ್ಳಗಾಗಿತ್ತು. ಕೊಟ್ಟಿಗೆಯಲ್ಲಿ ಎರಡೂ ಎತ್ತುಗಳು ನಾಲ್ಕು ಕಾಲ ಮೇಲೆ ಗಟ್ಟಿಯಾಗಿ ನಿಂತು ಮೇಯುತ್ತಿದ್ದವು. ಅಮ್ಮಾರು ಅವನ್ನು ನೋಡಿದರು.

"ಬಂಡಿ ಕಟ್ಟಬ್ಯಾಡ ಅಂತ ಯಾರು ಅಂದಾರ ಹನುಮಣ್ಣ?"

ಅಪ್ಪನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಯಾರೂ ಅಂದಿಲ್ರಿ. ನಾವ ಅನಕೊಂಡೀವಿ."

"ನನ್ನ ಸಲುವಾಗಿ?"

"ಹುಡುಗಿ ಸಲುವಾಗ್ರಿ."

ಅಮ್ಮಾರು ಹೊಸ್ತಿಲ ಮೇಲೆ ಕೂತರು. "ಅದು ನನ್ನ ಮನಿ ಅಲ್ಲ. ನಾ ಇದ್ದು ಅದನ್ನ ಹಾಳು ಮಾಡಿದೆ ಅಂತ ಆಗಬಾರದು. ಅಯ್ನೋರಿಗೆ ನಾ ಏನು ಹೇಳ್ಲಿ?"

"ಒಂದು ವರ್ಷ ಬಿಟ್ರ ಮಾಳಿಗಿ ಏನೂ ಆಗಂಗಿಲ್ರಿ ಅಮ್ಮಾರ. ಹೋದ ವರ್ಷದ್ದು ಗಟ್ಟಿ ಐತಿ, ಅಯ್ನೋರು ತುಳಿದಿದ್ದು."

ಒಳಗೆ ನಾನು, ಸುಗುಣಾ ಗಣಿತ ಬಿಡಿಸುತ್ತಿದ್ದೆವು. ಅಮ್ಮಾರು ಮಗಳ ಬೆನ್ನನ್ನೇ ನೋಡುತ್ತ ಕೂತರು. ಅವ್ವ ಮಜ್ಜಿಗೆ ತಂದುಕೊಟ್ಟಳು, ಕುಡಿದರು, ಎದ್ದು ಹೋದರು. ತಂದಿದ್ದ ಬುಟ್ಟಿ ಮಣ್ಣನ್ನು ನಮ್ಮಲ್ಲೇ ಬಿಟ್ಟರು.

ಆಮೇಲೆ ಅವರು ಬಂಡಿಯ ಮಾತು ಎತ್ತಲಿಲ್ಲ. ಮರುದಿನ ನಾವು ಶಾಲೆಯಿಂದ ಬಂದಾಗ ಸಭಾ ಮನೆಯ ಒಳಗಿನಿಂದ ಟಕ್ ಟಕ್ ಅಂತ ಸದ್ದು ಕೇಳಿಸಿತು. ಅಮ್ಮಾರು ಕುಟ್ಟಾಣಿಯಿಂದ ನೀಲಿ ಗೋಡೆಗೆ ಒಂದು ಮೊಳೆ ಹೊಡೆಯುತ್ತಿದ್ದರು. ಗೂಡಿನಲ್ಲಿದ್ದ ಅಯ್ಯನವರ ಫೋಟೋ ಅದಕ್ಕೆ ಏರಿತು. ಸುಗುಣಾ ಬಾಗಿಲಲ್ಲೇ ನಿಂತುಬಿಟ್ಟಳು. ಅಮ್ಮಾರು ನಮ್ಮ ಕಡೆ ತಿರುಗಲಿಲ್ಲ. "ಸೊಟ್ಟ ಐತೇನು ನೋಡ್ರವಾ," ಅಂದರು, ಅಷ್ಟೇ.

ಅಪ್ಪನ ಮಾತಿನಂತೆಯೇ ಆಯಿತು. ಮಿರಗಾ ಮಳೆ ಬರೀ ಗಾಳಿಯಲ್ಲಿ ಹೋಯಿತು. ಆಮೇಲಿನ ಮಳೆಗಳು ಮೂಗಿಗೆ ತುಪ್ಪ ಸವರಿದ ಹಾಗೆ. ಊರೆಲ್ಲ ಆಕಾಶ ನೋಡಿ ಬಯ್ಯುತ್ತಿದ್ದರೆ ನಾವೊಂದಿಷ್ಟು ಜನ ಮಾತ್ರ ಒಳಗೊಳಗೇ ಬೇರೆ ಥರ ಲೆಕ್ಕ ಹಾಕುತ್ತಿದ್ದೆವು. ಸಜ್ಜೆ ಬಾಡುತ್ತಿತ್ತು. ಸ್ವಂತ ಹೊಲ ಇದ್ದ ಅಪ್ಪ ಮಳೆ ಬೇಕೂ ಅನ್ನಲಾರ, ಬೇಡಾ ಅನ್ನಲಾರ. ಸುಗುಣಾ ಅರ್ಧ ವಾರ್ಷಿಕ ಪರೀಕ್ಷೆಗೆ ಆಗಿನಿಂದಲೇ ಓದುತ್ತಿದ್ದಳು. ಓದಿ ದಣಿದಾಗ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದಳು. "ನಿಂಗ ಜ್ವರ ಐತವಾ, ಸೂಜಿ ಮಾಡಬೇಕು," ಅಂತ ಜಡೆಪಿನ್ನಿನಿಂದ ಚುಚ್ಚುತ್ತಿದ್ದಳು.

ಉತ್ತರಿ ಮಳೆ ಹಿಡಿದದ್ದು ಒಂದು ಸಂಜೆ. ಗುಡುಗಿಲ್ಲ, ಸಿಡಿಲಿಲ್ಲ. ಜಿಟಿಜಿಟಿ ಶುರುವಾದದ್ದು ನಿಲ್ಲಲೇ ಇಲ್ಲ. ಹೊಡೆದು ಹೋಗುವ ಮಳೆಯಾದರೆ ಮಾಳಿಗೆಯ ನೀರು ಅಂಚಿಗಿಟ್ಟ ದೋಣಿಯಿಂದ ಹರಿದು ಕೆಳಗೆ ಬೀಳುತ್ತದೆ. ಇದು ಮೇಲೆ ಕೂತು ನಿಧಾನ ಒಳಗಿಳಿಯುವ ಮಳೆ. ನಮ್ಮೂರಿನವರಿಗೆ ಇಂಥ ಮಳೆಯ ರೂಢಿಯೇ ಇಲ್ಲ. ಮರುದಿನ ಸಭಾ ಮನೆಯಲ್ಲಿ ಇದ್ದಬದ್ದ ಪಾತ್ರೆಯನ್ನೆಲ್ಲ ಸೋರುವ ಕಡೆ ಇಟ್ಟರು. ಸಂಜೆಗೆ ಪಾತ್ರೆ ಸಾಲಲಿಲ್ಲ.

ಅಪ್ಪ ತಾಡಪಾಲು ಹೊತ್ತು ಮಾಳಿಗೆ ಹತ್ತಿದ. ಎರಡು ಹೆಜ್ಜೆ ಇಟ್ಟವನೇ ಅಲ್ಲೇ ನಿಂತ. ಕಾಲ ಕೆಳಗೆ ಮಾಳಿಗೆ ಹದವಾದ ಕಣಕದ ಹಾಗೆ ತಗ್ಗುತ್ತಿತ್ತಂತೆ. ತಾಡಪಾಲನ್ನು ಅಲ್ಲಿಂದಲೇ ಎಸೆದು, ಏಣಿಯ ಕಡೆ ಹಿಂದೆ ಹಿಂದೆ ಸರಿದು ಇಳಿದ. ಮುಖ ಸುಣ್ಣ ಬಳಿದಂತಾಗಿತ್ತು.

"ಅಮ್ಮಾರ, ಈಗಿಂದೀಗ ನಮ್ಮ ಮನಿಗೆ ನಡೀರಿ. ಏನೂ ತಗೋಬ್ಯಾಡ್ರಿ."

ಅವರು ಬಂದರು. ಓಣಿಯಲ್ಲಿ ಯಾರು ಏನಂದಾರು ಅಂತ ಅವ್ವ ಒಂದು ಕ್ಷಣವೂ ಯೋಚಿಸಲಿಲ್ಲ. ತನ್ನ ಹಾಸಿಗೆಯನ್ನೇ ಹಾಸಿ ಕೊಟ್ಟಳು. ಅಷ್ಟು ಸುಲಭ ಇತ್ತು ಅದು. ಹೀಗೆ ಮಾಡಬಹುದು ಅಂತ ಬೇಸಿಗೆಯಲ್ಲಿ ನಮಗೆ ಯಾರಿಗೂ ಹೊಳೆದಿರಲಿಲ್ಲ, ನಮ್ಮ ಅವ್ವನಿಗೂ.

ಮುಂದಿನ ದಿನವೂ ಮಳೆ. ಅದರ ಮರುದಿನ ಬೆಳಿಗ್ಗೆ ಎದ್ದರೆ ಬಿಸಿಲು! ಬೇವಿನ ಎಲೆಯೆಲ್ಲ ಥಳಥಳ ಅನ್ನುತ್ತಿತ್ತು. ಸಭಾ ಮನೆ ನಿಂತೇ ಇತ್ತು. ಯೋಹಾನಪ್ಪ ಬಂದು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡ. "ದೇವರು ದೊಡ್ಡಾಂವ. ಅಯ್ನೋರು ತುಳಿದಿದ್ದು ಸುಮ್ನ ಆಗ್ಲಿಲ್ಲ." ಅಪ್ಪನೂ ನಕ್ಕ. ಎರಡು ದಿನ ಒಣಗಲಿ, ಆಮೇಲೆ ಒಳಗೆ ಹೋಗೋಣ ಅಂತ ಹೇಳಿ ಹೊಲಕ್ಕೆ ಹೋದ. ನಾವು ಶಾಲೆಗೆ ಹೋದೆವು.

ಅಮ್ಮಾರಿಗೆ ಕೂರಲಾಗಲಿಲ್ಲ. ಒಳಗೆಲ್ಲ ನೀರು ನಿಂತಿದೆ, ಬಳಿದು ಹಾಕದಿದ್ದರೆ ಗೋಡೆ ತಿನ್ನುತ್ತದೆ, ಒಲೆ ಹೊತ್ತಿಸಿದರೆ ಮನೆ ಬೇಗ ಒಣಗುತ್ತದೆ ಅಂತ ಅವ್ವನಿಗೆ ಹೇಳಿದರು. ಅವ್ವ ಬೇಡ ಅಂದಳು. "ಈಗ ಬಂದ್ನಿ," ಅಂತ ಕಸಬರಿಗೆ ಹಿಡಿದು ಹೋದರು.

ಮಾಳಿಗೆಗಳು ಮಳೆಯಲ್ಲಿ ಬೀಳುವುದು ಕಡಿಮೆ. ಮಳೆ ನಿಂತು ಬಿಸಿಲು ಬಿದ್ದ ಮೇಲೆ, ನೆಂದ ಗೋಡೆ ಒಂದು ಕಡೆ ಒಣಗಿ ಒಂದು ಕಡೆ ಹಸಿ ಇದ್ದಾಗ ಬೀಳುತ್ತವೆ. ಇದು ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆ ಬಿಸಿಲಿನ ಖುಷಿಗೆ ಎಲ್ಲರೂ ಮರೆತಿದ್ದರು.

ಕ್ಲಾಸಿನಲ್ಲಿ ಮಾಸ್ತರರು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ದೂರದಲ್ಲಿ ಜೋಳದ ಚೀಲ ಬಿದ್ದಂಥ ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ. ಒದ್ದೆ ಮಣ್ಣು ಬಿದ್ದರೆ ಧೂಳೂ ಏಳುವುದಿಲ್ಲ. ಅದಾಗಿ ಎಷ್ಟೋ ಹೊತ್ತಿನ ಮೇಲೆ ಶಾಲೆಯ ಸಿಪಾಯಿ ಬಾಗಿಲಿಗೆ ಬಂದು, ಮಾಸ್ತರರ ಕಿವಿಯಲ್ಲಿ ಏನೋ ಹೇಳಿ, ಸುಗುಣಾಳ ಕಡೆ ನೋಡಿದ.

ನಾವು ಓಡಿ ಬಂದಾಗ ಅಪ್ಪ, ಯೋಹಾನಪ್ಪ, ಓಣಿಯ ಗಂಡಸರೆಲ್ಲ ಕೈಯಿಂದಲೇ ಮಣ್ಣು ತೆಗೆಯುತ್ತಿದ್ದರು. ಅಮ್ಮಾರು ಅಡುಗೆ ಮನೆಯ ಬಾಗಿಲಲ್ಲಿ ಸಿಕ್ಕಿದ್ದರು. ಬಾಗಿಲ ಮೇಲಿನ ಕಟ್ಟಿಗೆ ತಲೆಯನ್ನು ಉಳಿಸಿತ್ತು, ಸೊಂಟದಿಂದ ಕೆಳಗೆ ತೊಲೆ ಬಿದ್ದಿತ್ತು. ಹೊರಗೆ ತೆಗೆದು ಬೇವಿನ ಕೆಳಗೆ ಮಲಗಿಸಿದಾಗ ಕಣ್ಣು ಬಿಟ್ಟರು. ಬಾಯಲ್ಲೆಲ್ಲ ಮಣ್ಣು. ಸುಗುಣಾ ದಾವಣಿಯ ಸೆರಗಿನಿಂದ ಒರೆಸಿದಳು.

ಅಮ್ಮಾರು ಮಗಳನ್ನು ನೋಡಲಿಲ್ಲ. ಮನೆ ಇದ್ದ ಕಡೆಯೇ ನೋಡುತ್ತ, "ನಮ್ಮ ಮನಿ ಬಿತ್ತಲ್ಲೋ ಹನುಮಣ್ಣ. ನಮ್ಮ ಮನಿ," ಅಂದರು.

ಸುಗುಣಾ ನನ್ನ ಮುಖ ನೋಡಿದಳು. ಅಷ್ಟು ವರ್ಷ ಒಂದು ಸಲವೂ ಅನ್ನಗೊಡದ ಮಾತು ಅದು. ಯೋಹಾನಪ್ಪ ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟ.

ಅಪ್ಪ ಬಂಡಿ ಕಟ್ಟಿದ. ಎರಡೂ ಎತ್ತುಗಳು ಕುಷ್ಟಗಿ ತನಕ ಒಂದೇ ಸಮನೆ ಓಡಿದವು.

ಅಲ್ಲಿಂದ ಕೊಪ್ಪಳದ ಆಸ್ಪತ್ರೆಗೆ ಕಳಿಸಿದರು. ಅಲ್ಲಿಗೆ ಅವರ ಅಣ್ಣ ಬಂದು ಇಬ್ಬರನ್ನೂ ತನ್ನೂರಿಗೆ ಕರೆದುಕೊಂಡು ಹೋದ. ಸುಗುಣಾ ಪುಸ್ತಕದ ಚೀಲ ಒಯ್ಯಲೂ ಊರಿಗೆ ಬರಲಿಲ್ಲ. ಕ್ರಿಸ್‌ಮಸ್ ಮುಗಿದ ಮೇಲೆ, ಹಾಸಿಗೆಯಿಂದ ಏಳದೆಯೇ ಅಮ್ಮಾರು ಹೋದರಂತೆ ಅಂತ ಯೋಹಾನಪ್ಪ ಸುದ್ದಿ ತಂದ. ಅವರ ಮಣ್ಣಿಗೆ ಹೋಗಲೂ ನಮಗೆ ಯಾರಿಗೂ ಆಗಲಿಲ್ಲ. ಮಾರ್ಚಿನಲ್ಲಿ ಕುಷ್ಟಗಿಯ ಪರೀಕ್ಷೆ ಹಾಲಿನಲ್ಲಿ ನನ್ನ ಮುಂದಿನ ಬೆಂಚಿಗೆ ಸುಗುಣಾಳ ನಂಬರು ಅಂಟಿಸಿತ್ತು. ಪ್ರತಿ ಪೇಪರಿಗೂ ಆ ಬೆಂಚು ಖಾಲಿ. ನಾನು ಗಣಿತ ಬಿಡಿಸುತ್ತ ಬಿಡಿಸುತ್ತ ಅದನ್ನೇ ನೋಡುತ್ತಿದ್ದೆ. ಸುಗುಣಾ ಈಗ ಎಲ್ಲಿದ್ದಾಳೋ ನನಗೆ ಇಂದಿಗೂ ಗೊತ್ತಿಲ್ಲ.

ದೊಡ್ಡಯ್ಯನವರು ಮತ್ತೊಮ್ಮೆ ಬಂದರು. ದಿಬ್ಬವಾಗಿದ್ದ ಮನೆಯ ಮುಂದೆ ಕೊಡೆ ಊರಿ ನಿಂತು, "ಮನಿ ಇಲ್ಲದ ಊರಿಗೆ ಯಾರನ್ನ ಕಳಸ್ಲಿ ಹೇಳ್ರಿ," ಅಂದರು. ಯಾರೂ ಬರಲಿಲ್ಲ. ತಿಂಗಳಿಗೊಮ್ಮೆ ಕುಷ್ಟಗಿಯಿಂದ ಯಾರೋ ಬಂದು ಪ್ರಾರ್ಥನೆ ನಡೆಸಿ ಹೋಗುತ್ತಿದ್ದರು, ಆಮೇಲೆ ಅದೂ ನಿಂತಿತು. ಸಭೆಯ ಕುಟುಂಬಗಳು ಒಂದೊಂದಾಗಿ ಬತ್ತದ ನಾಟಿ ಕೆಲಸಕ್ಕೆ ಅಂತ ಕಾಲುವೆ ಕಡೆ ಹೋಗಿ ಅಲ್ಲೇ ನಿಂತವು. ಯೋಹಾನಪ್ಪ ಈಗ ಶ್ರೀರಾಮನಗರದ ಹತ್ತಿರ ಎಲ್ಲೋ ಇದ್ದಾನೆ. ಒಮ್ಮೆ ಕಾರಟಗಿ ಸಂತೆಯಲ್ಲಿ ಸಿಕ್ಕಿದ್ದ. ನನ್ನ ಗುರುತು ಹಿಡಿದು, ಅದೂ ಇದೂ ಮಾತಾಡಿ, ಹೊರಡುವಾಗ, "ಪರೀಕ್ಷಾ ಒಂದು ಮುಗೀಲಿ ಅಂದಿದ್ವಿ ನೋಡವಾ," ಅಂದು ಜನರೊಳಗೆ ಹೋಗಿಬಿಟ್ಟ.

ಇಷ್ಟು ಗೊತ್ತಾದ ಮೇಲೆ ಈಗ ಅಂಗಳದ ಮಣ್ಣಿಗೆ ಬರೋಣ.

ಅಪ್ಪ ಕಟ್ಟೆ ಇಳಿದು ಕುಂಟುತ್ತಾ ಬಂದ. ಮಣ್ಣಿನ ಗುಡ್ಡೆಯಲ್ಲಿ ಕೈ ಹಾಕಿ ಒಂದು ಹೆಂಟೆ ತೆಗೆದು, ಹೆಬ್ಬೆರಳಿಂದ ಒರೆಸಿದ. ಒಂದು ಬದಿಗೆ ನೀಲಿ ಸುಣ್ಣ ಇನ್ನೂ ಹಿಡಿದುಕೊಂಡಿತ್ತು.

"ಇದು ಒಳಖೋಲಿ ಗ್ವಾಡಿ," ಅಂದ.

"ಮಣ್ಣಿಗೆ ಒಳಖೋಲಿ ಹೊರಖೋಲಿ ಎಲ್ಲೀದು ಬಿಡು ಕಾಕಾ," ಅಂದ ಬಂಡಿಯವನು.

"ತಿರುಗಿ ತುಂಬು."

"ಹಾಂ?"

"ತಿರುಗಿ ಬಂಡಿಗೆ ತುಂಬು ಅಂದ್ನಿ. ನಿನ್ನ ಕೂಲಿ ಎಲ್ಲೂ ಹೋಗಂಗಿಲ್ಲ."

ಬಂಡಿಯವನು ನನ್ನ ಮೇಲೊಮ್ಮೆ ಅವ್ವನ ಮೇಲೊಮ್ಮೆ ಕಣ್ಣಾಡಿಸಿದ. ಅವ್ವ ಮೂಲೆಯ ಸಲಿಕೆ ತಂದು ಅವನ ಕೈಗಿಟ್ಟಳು. ಅವನು ಗೊಣಗುತ್ತಾ ತುಂಬಿದ. ಅಪ್ಪ ಬಂಡಿ ಹತ್ತಿ ಮಣ್ಣಿನ ಮೇಲೆಯೇ ಕೂತ. ನಾನು ಹಿಂದೆ ನಡೆದೆ.

ಚರ್ಚಿನ ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಹಿಂದಿನ ದಿಬ್ಬದಲ್ಲಿ ಊರಿನವರು ಅಗೆದ ತಗ್ಗುಗಳು. ಬೇವಿನ ಬೇರು ಹೊರಗೆ ಕಾಣುತ್ತಿತ್ತು. ದೊಡ್ಡ ತಗ್ಗಿನೊಳಗೆ ಬಂಡಿ ಸುರಿಸಿದ ಮೇಲೆ ಅಪ್ಪ ಕೆಳಗಿಳಿದು, ಮಣ್ಣನ್ನು ಕೈಯಿಂದ ಹರಡಿದ. ಆಮೇಲೆ ಆ ಬಾತ ಕಾಲಿನಿಂದಲೇ ಅದರ ಮೇಲೆ ತುಳಿಯತೊಡಗಿದ, ಮಾಳಿಗೆ ತುಳಿದ ಹಾಗೆ, ಅಂಚಿನಿಂದ ನಡುವಿಗೆ.

"ಸಾಕು ಬಾರಪ್ಪ," ಅಂದೆ.

"ಇದು ಸಭಾ ಮನೀದು. ಮುಂದ ಬರೋರದು."

"ಯಾರು ಬರ್ತಾರ?"

ಅಪ್ಪ ತುಳಿಯುವುದನ್ನು ಮುಗಿಸಿಯೇ ಬಂದ.

ಮನೆಗೆ ಬಂದಾಗ ಅವ್ವ ಅಂಗಳ ಗುಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಹಾಕಿ ಬಂದಿ ಮಣ್ಣು?"

"ಹಾಕಿ ಬಂದೆ," ಅಂದ ಅಪ್ಪ.

ಅವ್ವ ಮತ್ತೆ ಗುಡಿಸತೊಡಗಿದಳು.

ನಿಮ್ಮೂರಲ್ಲೂ ಕೆಲಸಕ್ಕೆ ಅಂಟಿಕೊಂಡ ಇಂಥ ಮನೆ ಇದ್ದಿರಬಹುದು, ಪಾದ್ರಿಯದೋ, ಹೆಡ್‌ಮಾಸ್ತರರದೋ, ಸ್ಟೇಶನ್ ಮಾಸ್ತರರದೋ. ಊರವರು ಅದನ್ನು ಏನಂತ ಕರೆಯುತ್ತಿದ್ದರು, ಅಲ್ಲಿದ್ದವರು ಇರುವಷ್ಟು ದಿನ ಏನನ್ನುತ್ತಿದ್ದರು, ಬಿಟ್ಟು ಹೋಗುವ ದಿನ ಏನಂದರು? ನಿಮಗೆ ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿ, ನಾನು ಒಂದೊಂದನ್ನೂ ಓದುತ್ತೇನೆ. ನೀವೇ ಅಂಥ ಮನೆಯಲ್ಲಿ ಬೆಳೆದ ಹುಡುಗಿಯಾಗಿದ್ದರೆ ಮೊದಲು ನೀವು ಬರೆಯಿರಿ.